ನಡುರಾತ್ರಿಯ ಐದೂವರೆ

ಮೈಸೂರಿನ ಕುವೆಂಪುನಗರದ ನಮ್ಮ ಮನೆಯಲ್ಲಿ ಬೆಳಗಿನ ಐದೂವರೆಗೆ ಸಂಪಿನ ಮೋಟರ್ ಹಾಕುವುದು ಮೆಟ್ಟಿಲ ಕೆಳಗಿನ ಪುಟ್ಟ ಲಿನಕ್ಸ್ ಕಂಪ್ಯೂಟರ್ ಬೋರ್ಡು. ಕರೆಂಟು ಹೋದರೂ ಅದಕ್ಕೆ ಹೊತ್ತು ಮರೆಯದಿರಲಿ ಅಂತ ಪಿಸಿಎಫ್ 8563 ಎಂಬ ಗಡಿಯಾರದ ಚಿಪ್ಪು, ಜೊತೆಗೊಂದು ಬಟನ್ ಸೆಲ್ಲು, ಸೆಕೆಂಡಿಗೆ 32,768 ಸಲ ಮಿಡಿಯುವ ಹರಳು.

ಬೋರ್ಡಿನ ಜೊತೆ ಬಂದ ಡ್ರೈವರ್, ಅಂದರೆ ಚಿಪ್ಪನ್ನು ಮಾತಾಡಿಸುವ ಪ್ರೋಗ್ರಾಮು, ಒಂದೇ ಕರೆಯಲ್ಲಿ ಗಡಿಯಾರವನ್ನು ಹುಟ್ಟಿಸಿ ಲಿನಕ್ಸಿನ ತಿರುಳಾದ ಕರ್ನಲ್ಲಿನಲ್ಲಿ ನೋಂದಾಯಿಸುತ್ತಿತ್ತು. ಈಗ ಆ ಪದ್ಧತಿ ಹಳತು, ಬಳಸಬೇಡಿ ಅಂತ ಕರ್ನಲ್ಲಿನ ಟಿಪ್ಪಣಿಯೇ ಹೇಳುತ್ತದೆ. ಹೊಸ ಪದ್ಧತಿಯಲ್ಲಿ ಮೊದಲು ‘ಅಲೊಕೇಟ್’ ಮಾಡಿ, ಅಂದರೆ ಗಡಿಯಾರಕ್ಕೆ ಜಾಗ ಕಾದಿಟ್ಟು, ಆಮೇಲೆ ಇಸವಿ 2000ದಿಂದ 2099ರವರೆಗೆ ಅಂತ ಚಿಪ್ಪಿನ ಮಿತಿಯನ್ನು ಬರೆದು, ಎಲ್ಲ ಅಣಿಯಾದ ಮೇಲೆ ‘ರಿಜಿಸ್ಟರ್’. ಹಳೇ ಪದ್ಧತಿಯಲ್ಲಿ ಅಲಾರಂ ಇಂಟರಪ್ಟ್, ಅಂದರೆ ಚಿಪ್ಪು ಕರ್ನಲ್ಲಿಗೆ ಹೊಡೆಯುವ ಗಂಟೆ, ನೋಂದಣಿಗೆ ಮೊದಲೇ ನುಗ್ಗಿದರೆ, ಬೀಗರು ಛತ್ರದ ಬಾಗಿಲಲ್ಲಿ, ಗಂಡು ಇನ್ನೂ ಒಳಗೆ ಪಂಚೆ ಹುಡುಕುತ್ತಿದ್ದಾನೆ ಅನ್ನುವ ಸ್ಥಿತಿ. ಕರ್ನಲ್ ಅಲ್ಲೇ ಕುಸಿಯಬಹುದು.

“ಊರಿನ ದೊಡ್ಡ ಗಡಿಯಾರದ ಗೋಪುರ 1927ರಿಂದ ನಿಂತಿದೆಯಲ್ಲೋ, ಅದನ್ನ ಯಾರು ರಿಜಿಸ್ಟರ್ ಮಾಡಿದ್ರು?” ಅಂದರು ಅಪ್ಪ. ಕಾಫಿ ಲೋಟ ಕೆಳಗಿಡದೆ ಕೇಳಿದ ಪ್ರಶ್ನೆಗೆ ಉತ್ತರ ಕೊಡಬಾರದು, ನಾನು ಕೊಡಲಿಲ್ಲ.

ಹೊಸ ಪದ್ಧತಿಯಲ್ಲಿ ನಾನು ಬರೆದ ಡ್ರೈವರ್ ಒಂದು ಎಚ್ಚರಿಕೆಯನ್ನೂ ಉಗುಳದೆ ಕಂಪೈಲ್ ಆಯಿತು. ಮನೆಯವರೆಲ್ಲ ಮಲಗಿದೆವು.

ರಾತ್ರಿ ಹನ್ನೆರಡಕ್ಕೆ ಮೋಟರ್ ಗುರ್ರೆಂದಿತು. ಟ್ಯಾಂಕು ಸಂಜೆಯಷ್ಟೇ ತುಂಬಿತ್ತು. ನೀರು ನೇರವಾಗಿ ಪಕ್ಕದ ಮನೆ ಆಂಟಿಯ ಸಂಡಿಗೆ ಶೀಟಿನ ಮೇಲೆ. “ಏನಪ್ಪಾ, ಮಳೆ ಬರೀ ನಮ್ಮನೆಗೇನಾ?” ಅಂತ ಅವರು ಟೆರೇಸಿನಿಂದಲೇ ಕೂಗಿದರು. ಬೀದಿ ನಾಯಿಗಳೂ ಅದನ್ನೇ ಕೇಳುತ್ತಿದ್ದವು.

ಬೆಳಗ್ಗೆ ಹಳೇ ಕೋಡು ಕೆದಕಿದಾಗ 19,800 ಎಂಬ ಸಂಖ್ಯೆ ಸಿಕ್ಕಿತು. ಐದೂವರೆ ಗಂಟೆಯ ಸೆಕೆಂಡುಗಳು! ಕರ್ನಲ್ ಚಿಪ್ಪಿನಲ್ಲಿರುವುದನ್ನು ಯುಟಿಸಿ, ಅಂದರೆ ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಕಾಲ, ಎಂದೇ ಓದಿಕೊಳ್ಳುತ್ತದೆ. ನಮ್ಮ ಚಿಪ್ಪಿನಲ್ಲಿದ್ದದ್ದು ಭಾರತದ ಕಾಲ. ಹಳೇ ಡ್ರೈವರ್ ಆ ಐದೂವರೆ ಗಂಟೆಯನ್ನು ಗುಟ್ಟಾಗಿ ಕಳೆದು ಸರಿದೂಗಿಸುತ್ತಿತ್ತು. ಹೊಸದಕ್ಕೆ ಅಂಥ ದಾಕ್ಷಿಣ್ಯವಿಲ್ಲ. ಇದು ಯುಟಿಸಿ ಅಂತ ನಂಬಿದ ಬೋರ್ಡು ಇನ್ನೊಮ್ಮೆ ಐದೂವರೆ ಗಂಟೆ ಕೂಡಿಸಿತು, ಹಾಗಾಗಿ ಚಿಪ್ಪಿನ ನಡುರಾತ್ರಿ ಬೋರ್ಡಿಗೆ ಬೆಳಗಿನ ಐದೂವರೆ.

ಚಿಪ್ಪಿಗೆ ಯುಟಿಸಿಯನ್ನೇ ತುಂಬಿದೆ. ಗಡಿಯಾರ ಈಗ ಕರಾರುವಾಕ್ಕು, 2099ರವರೆಗೆ ಯೋಚನೆಯಿಲ್ಲ. ಮೋಟರಿನ ವೈರು ಮಾತ್ರ ಅಪ್ಪ ಕಿತ್ತು ಗೋಡೆ ಸ್ವಿಚ್ಚಿಗೆ ಕೊಟ್ಟಿದ್ದಾರೆ. ಐದೂವರೆಗೆ ಅವರೇ ಎದ್ದು ಹಾಕುತ್ತಾರೆ, ನನ್ನನ್ನೂ ಎಬ್ಬಿಸಿ.