‘ದಿ ಗ್ರೇಟ್ ಎಸ್ಕೇಪ್’ 10 ವರ್ಷದ ಮಕ್ಕಳಿಗೆ ತೋರಿಸಬಹುದಾ?

ಪರ: ಪಕ್ಕದಲ್ಲೇ ಕೂತು ತೋರಿಸಿ

ಖಂಡಿತ ತೋರಿಸಬೇಕು. 1963ರ ಸಿನಿಮಾ ಇದು, ಮೈ ತೋರಿಸುವ ದೃಶ್ಯಗಳಿಲ್ಲ, ರಕ್ತವಂತೂ ಈಗಿನ ಮಾಸ್ ಸಿನಿಮಾಗಳ ಮುಂದೆ ಏನೂ ಅಲ್ಲ. ಇರುವುದು ಕೆಲಸ, ತಾಳ್ಮೆ, ಒಗ್ಗಟ್ಟು. ಎರಡನೇ ಮಹಾಯುದ್ಧದಲ್ಲಿ ಜರ್ಮನರ ಸೆರೆಶಿಬಿರದಲ್ಲಿರುವ ಶತ್ರುದೇಶಗಳ ವಾಯುಪಡೆಯವರು ತಪ್ಪಿಸಿಕೊಳ್ಳಲು ಮಂಚದ ಹಲಗೆ ಕಿತ್ತು ಸುರಂಗಕ್ಕೆ ಆಸರೆ ಕೊಡುತ್ತಾರೆ, ಅಗೆದ ಮಣ್ಣನ್ನು ಪ್ಯಾಂಟಿನೊಳಗಿನ ಚೀಲದಲ್ಲಿ ತಂದು ಕೈತೋಟದಲ್ಲಿ ಉದುರಿಸುತ್ತಾರೆ, ಒಬ್ಬ ಬಟ್ಟೆ ಹೊಲಿದರೆ ಇನ್ನೊಬ್ಬ ನಕಲಿ ಕಾಗದಪತ್ರ ತಯಾರಿಸುತ್ತಾನೆ.

ಬೇಸಿಗೆ ರಜೆಯಲ್ಲಿ ಮಗಳಿಗೆ ತೋರಿಸಿದೆ. ಅಲುಗಾಡದೆ ಕೂತಳು. ಮಾರನೇ ದಿನ ಅಜ್ಜನ ಹಳೇ ಪಂಚೆಯಲ್ಲಿ ಎರಡು ಉದ್ದ ಚೀಲ ಹೊಲಿಸಿಕೊಂಡು, ಹಿತ್ತಲ ಮಣ್ಣು ತುಂಬಿ ಪ್ಯಾಂಟಿನೊಳಗೆ ಕಟ್ಟಿಕೊಂಡು, ದಾರ ಎಳೆದರೆ ನಿಜಕ್ಕೂ ಉದುರುತ್ತಾ ಅಂತ ನೋಡಿದಳು. ಉದುರಿತು! ಆಮೇಲೆ ನಕಾಶೆ ತೆಗೆದು ಆ ಶಿಬಿರವಿದ್ದ ಊರು ಈಗ ಪೋಲೆಂಡಿನಲ್ಲಿದೆ ಅಂತ ತಾನೇ ಹುಡುಕಿ ತೋರಿಸಿದಳು. ಯಾವ ಪಾಠ ಇಷ್ಟು ಮಾಡಿಸುತ್ತೆ ಹೇಳಿ?

ಸಾವುಗಳಿವೆ, ಸರಿ. ಸಾವಿದೆ ಅಂತ ಬಿಡೋದಾದರೆ ಮಕ್ಕಳಿಗೆ ಅಭಿಮನ್ಯುವಿನ ಕಥೆಯನ್ನೂ ಹೇಳಬಾರದು ಅಲ್ವಾ? ಬರೀ ಕಾರ್ಟೂನ್ ಹಾಕಿ ಕೂರಿಸಿ ಅನ್ನುವವರ ಮಾತು ಕೇಳಬೇಡಿ. ತಾಳ್ಮೆ ಮತ್ತು ಒಗ್ಗಟ್ಟು, ಮಕ್ಕಳಿಗೆ ಬೇಕಿರುವುದು ಇವೇ.

ವಿರೋಧ: ಇನ್ನೂ ಸ್ವಲ್ಪ ದೊಡ್ಡವರಾಗಲಿ

ಈ ಕಡೆಯಿಂದ ಬರೆಯಿರಿ ಅಂದರು, ಬರೆಯುತ್ತಿದ್ದೇನೆ. ಸಿನಿಮಾ ನನಗೂ ಇಷ್ಟ, ತಕರಾರು ವಯಸ್ಸಿನದು ಮಾತ್ರ.

ಕೈದಿಗಳು ಗುಟ್ಟಾಗಿ ಸಾರಾಯಿ ಕಾಯಿಸಿ, ಕುಡಿದು ಖುಷಿಪಡುತ್ತಿರುವಾಗಲೇ ಕಾವಲುಗಾರರಿಗೆ ಒಂದು ಸುರಂಗ ಸಿಕ್ಕಿಬೀಳುತ್ತೆ. ಅಲ್ಲಿಯವರೆಗೆ ನಮ್ಮನ್ನು ನಗಿಸಿದ್ದ ಕೈದಿ ಐವ್ಸ್ ಸುಮ್ನೆ ನಡೆದುಹೋಗಿ ತಂತಿಬೇಲಿ ಹತ್ತುತ್ತಾನೆ, ಗುಂಡಿಗೆ ಬಲಿಯಾಗುತ್ತಾನೆ. ಅದು ಯುದ್ಧದಲ್ಲಿ ಹೋರಾಡಿ ಸತ್ತದ್ದಲ್ಲ, ಇನ್ನು ತಡೆಯಲಾಗದೆ ಸತ್ತದ್ದು. 10 ವರ್ಷದ ಮಗು ಯಾಕೆ ಅಂತ ಕೇಳಿದರೆ ಏನು ಹೇಳೋಣ? ಸುರಂಗ ಅಗೆಯುವ ಡ್ಯಾನಿಗೆ ಅದರೊಳಗೆ ಉಸಿರು ಕಟ್ಟಿದಂತಾಗುವ ದೃಶ್ಯವೂ ಸಣ್ಣವರಿಗೆ ಜಾಸ್ತಿಯೇ.

ಸಿನಿಮಾಕ್ಕೆ ಆಧಾರವಾದ ಘಟನೆಯಲ್ಲಿ, 1944ರ ಮಾರ್ಚ್‌ನಲ್ಲಿ, ನಿಜಕ್ಕೂ 76 ಜನ ಹೊರಬಿದ್ದರು. ಮೂವರು ಮಾತ್ರ ಪಾರಾದರು, ಸಿಕ್ಕಿಬಿದ್ದವರಲ್ಲಿ 50 ಜನರನ್ನು ನಾಜಿಗಳ ಗುಪ್ತ ಪೊಲೀಸ್ ಪಡೆ ಗೆಸ್ಟಾಪೊ ಕೊಂದಿತು. ಆದರೆ ಹುಡುಗರಿಗೆ ನೆನಪಿರೋದು ಸ್ಟೀವ್ ಮೆಕ್ವೀನ್ ಪಾತ್ರದ ಬೈಕ್ ಬೇಲಿ ಹಾರುವುದು. ಅಂಥದ್ದೇನೂ ನಡೆದಿರಲೇ ಇಲ್ಲ. ಸಿನಿಮಾ ಹತ್ತಿರ ಹತ್ತಿರ ಮೂರು ಗಂಟೆ ಬೇರೆ. ಹೈಸ್ಕೂಲಿಗೆ ಬಂದ ಮೇಲೆ ತೋರಿಸಿ, ನನ್ನ ಅಡ್ಡಿಯಿಲ್ಲ.