ಮುಂ. ಮತ್ತು ಹಿಂ.

ನನ್ನ ತೂಕ 78 ಕಿಲೋ ಎಂದು ನಾನು ಹೇಳಿದ್ದು ವ್ಯಾಂಕೂವರ್‌ನಲ್ಲಿ, ಅಕ್ಕನ ಮನೆಯ ಗ್ಯಾರೇಜಿನಲ್ಲಿ, ಒಂದು ಸೈಕಲ್ಲಿನ ಎದುರು. ಡಾಕ್ಟರಿಂದಲೇ ಮುಚ್ಚಿಟ್ಟಿರುವ ವಿಷಯವನ್ನು ಸೈಕಲ್ಲಿಗೆ ಏಕೆ ಬಾಯಿಬಿಡಬೇಕು?

ಅಕ್ಕನ ಮಗ ಮರುದಿನ ನನ್ನನ್ನು ಸೈಕಲ್ ಸವಾರಿಗೆಂದು ವಿಸ್ಲರ್ ಎಂಬ ಬೆಟ್ಟದ ಊರಿಗೆ ಕರೆದೊಯ್ಯುವವನಿದ್ದ. ಬೆಟ್ಟಕ್ಕೆ ಸೈಕಲ್ ತುಳಿಯಬೇಕೇನೋ ಎಂದು ನಾನು ಹೆದರಿದ್ದೆ. ಹಾಗಲ್ಲವಂತೆ. ಚಳಿಗಾಲದಲ್ಲಿ ಸ್ಕೀ ಆಡುವವರನ್ನು ಹೊತ್ತೊಯ್ಯುವ ತೂಗುಕುರ್ಚಿಗಳೇ ಬೇಸಿಗೆಯಲ್ಲಿ ಸೈಕಲ್ಲನ್ನೂ ಸವಾರನನ್ನೂ ಮೇಲೆ ಮುಟ್ಟಿಸುತ್ತವೆ. ಇಳಿಯುವುದಷ್ಟೇ ನಮ್ಮ ಪಾಲಿನ ಕೆಲಸ. ಇಳಿಯುವುದು ನನಗೆ ಹೊಸ ವಿದ್ಯೆಯೇ? ಕಾಲೇಜು ದಿನಗಳಲ್ಲಿ ಚಾಮುಂಡಿ ಬೆಟ್ಟದಿಂದ ಎಡಗೈಯ ಬ್ರೇಕ್ ಒಂದನ್ನೇ ನಂಬಿಕೊಂಡು ಇಳಿದವನು ನಾನು. ಬಲಗೈಯದು ಕಿತ್ತುಹೋಗಿತ್ತು, ಅದರ ಅಗತ್ಯವೂ ಬಿದ್ದಿರಲಿಲ್ಲ.

ಸೈಕಲ್ ನೋಡಿದ ಕೂಡಲೇ ನನಗೆ ತಪ್ಪು ಕಂಡಿತು. ಮುಂದಿನ ಚಕ್ರ ದೊಡ್ಡದು, ಹಿಂದಿನದು ಚಿಕ್ಕದು. ಟ್ರ್ಯಾಕ್ಟರನ್ನು ಹಿಂದುಮುಂದು ಮಾಡಿದ ಹಾಗೆ. "ಯಾರೋ ನಿನಗೆ ಜೋಡಿ ತಪ್ಪಿದ ಚಕ್ರ ಮಾರಿದ್ದಾರೆ" ಎಂದೆ.

"ಇಲ್ಲ ಮಾವ, ಬೇಕೆಂದೇ ಹಾಗೆ ಮಾಡಿರುವುದು" ಎಂದು ಅವನು ಪಾಠ ಶುರು ಮಾಡಿದ. ಮೊದಲು ಎಲ್ಲರದೂ 26 ಇಂಚು. ಆಮೇಲೆ 27.5 ಬಂತು. 2017ರಲ್ಲಿ ಫ್ರಾನ್ಸಿನ ಲೂರ್ದ್‌ನ ವಿಶ್ವಕಪ್ ಇಳಿಜಾರು ಸ್ಪರ್ಧೆಗೆ ಒಂದು ತಂಡ 29 ಇಂಚಿನ ಚಕ್ರ ತಂದಾಗ ದೊಡ್ಡ ಗದ್ದಲವೇ ಎದ್ದಿತಂತೆ. ದೊಡ್ಡ ಚಕ್ರ ಕಲ್ಲುಗುಂಡಿಗಳನ್ನು ಸಲೀಸಾಗಿ ದಾಟುತ್ತದೆ, ನಿಜ. ಆದರೆ ಕಡಿದಾದ ಇಳಿಜಾರಿನಲ್ಲಿ ಸವಾರ ಹಿಂದಕ್ಕೆ ಸರಿದು ಕುಕ್ಕರಗಾಲಲ್ಲಿ ತೂಗುತ್ತಾನೆ. ಕುಳ್ಳಗಿದ್ದರೆ ಹಿಂದಿನ ಟೈರು ಅವನ ಕೂರುವ ಭಾಗವನ್ನು ಉಜ್ಜಿಬಿಡುತ್ತದೆ. ಅದಕ್ಕಾಗಿ ಮುಂದೆ 29, ಹಿಂದೆ 27.5. 2019ರವರೆಗೆ ಸ್ಪರ್ಧೆಯಲ್ಲಿ ಎರಡೂ ಚಕ್ರ ಒಂದೇ ಅಳತೆಯವು ಇರಬೇಕೆಂಬ ನಿಯಮವಿತ್ತು, ಆಮೇಲೆ ಅದನ್ನು ಸಡಿಲಿಸಿದರು. ಉಜ್ಜಿಸಿಕೊಂಡವರ ಅಹವಾಲು ಮೇಲಿನವರಿಗೆ ಮುಟ್ಟಿರಬೇಕು.

ನನಗೆ ತಡೆಯಲಾಗಲಿಲ್ಲ. ಮುಂದಿನ ಟೈರಿನ ಅಂಚಿನಲ್ಲಿ 622 ಎಂದು ಬರೆದಿತ್ತು. ಅದು ರಿಮ್ಮಿನ ವ್ಯಾಸ, ಮಿಲಿಮೀಟರಿನಲ್ಲಿ. ತಕ್ಷಣ ಮೈಸೂರಿಗೆ ಫೋನ್ ಮಾಡಿ, ಬೆಳಗಿನ ಒಗ್ಗರಣೆಯ ನಡುವೆ ಹೆಂಡತಿಯನ್ನು ಹಿತ್ತಲಿಗೆ ಓಡಿಸಿ, ನನ್ನ ಕಪ್ಪು ಸೈಕಲ್ಲಿನ ಟೈರಿನ ಮೇಲಿದ್ದುದನ್ನು ಓದಿಸಿದೆ. 28 ಇಂಚು, 635. ಅಂದರೆ ಲೂರ್ದ್‌ನಲ್ಲಿ ಗದ್ದಲ ಎಬ್ಬಿಸಿದ ಚಕ್ರಕ್ಕಿಂತ ನಮ್ಮ ಅಂಚೆಯಣ್ಣನ ಸೈಕಲ್ಲಿನ ರಿಮ್ಮು 13 ಮಿಲಿಮೀಟರ್ ದೊಡ್ಡದು! ದಪ್ಪ ಟೈರು ಸೇರಿಸಿ ಅಳೆದು ಅವರ ಚಕ್ರವನ್ನು 29 ಎಂದು ಕರೆಯುತ್ತಾರೆ, ಅಷ್ಟೇ. ಅಳಿಯ ಈ ಸತ್ಯವನ್ನು ಒಪ್ಪಿಕೊಂಡ, ಆದರೆ ಹುರುಪಿನಿಂದೇನೂ ಅಲ್ಲ. ಫೋನಿನ ಆ ತುದಿಯಲ್ಲಿ ಸಾಸಿವೆ ಸೀದಿತ್ತು.

ಮುಂದಿನದು ಫ್ಲಿಪ್ ಚಿಪ್. ಕುಲುಕಾಟ ನುಂಗುವ ಹಿಂದಿನ ಶಾಕ್ ಅಬ್ಸಾರ್ಬರ್, ಅಂದರೆ ಇವರ ಬಾಯಲ್ಲಿ ಶಾಕ್, ಚೌಕಟ್ಟಿಗೆ ಕೂಡುವಲ್ಲಿ ಅಡಿಕೆ ಹೋಳಿನಷ್ಟು ಲೋಹದ ತುಂಡೊಂದಿರುತ್ತದೆ. ಅದರ ತೂತು ನಡುವೆ ಇರದೆ ಒಂದು ಪಕ್ಕಕ್ಕಿರುತ್ತದೆ. ತುಂಡನ್ನು ತಿರುಗಿಸಿ ಕೂರಿಸಿದರೆ ಇಡೀ ಸೈಕಲ್ ಕೆಲವೇ ಮಿಲಿಮೀಟರ್ ತಗ್ಗುತ್ತದೆ, ಮುಂದಿನ ಫೋರ್ಕ್ ಅರ್ಧ ಡಿಗ್ರಿಯಷ್ಟು ಓರೆಯಾಗುತ್ತದೆ. ಅರ್ಧ ಡಿಗ್ರಿ! ನಮ್ಮ ಬೀದಿಯ ಸೈಕಲ್ ಶಾಪಿನವನು ಬಾಗಿದ ಫೋರ್ಕಿಗೆ ಕಬ್ಬಿಣದ ಪೈಪು ತೂರಿಸಿ, ಬಾಯಲ್ಲಿ ಬೀಡಿ ಕಚ್ಚಿಕೊಂಡು, ಒಂದು ಕಣ್ಣು ಮುಚ್ಚಿ ನೆಟ್ಟಗೆ ಮಾಡುತ್ತಿದ್ದ. ಬೀಡಿಯ ಹೊಗೆ ಕಣ್ಣಿಗೆ ಹೋದರೆ ಐದು ಡಿಗ್ರಿ ಅತ್ತಿತ್ತ ಆಗುತ್ತಿತ್ತು. ಆ ಸೈಕಲ್ಲುಗಳೂ ಮನೆ ಸೇರಿವೆ. ಇದನ್ನೆಲ್ಲ ವಿವರಿಸುತ್ತ ನಾನು ಚಿಪ್ಪನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದೆ. ಕೈಜಾರಿತು. ಮುಂದಿನ ಮುಕ್ಕಾಲು ಗಂಟೆ ನಾವು ಮೂವರೂ ಮೊಬೈಲ್ ದೀಪ ಹಿಡಿದು ನೆಲಕ್ಕೆ ಮೂಗು ಉಜ್ಜಿದೆವು. ಕೊನೆಗೆ ಅದು ಸಿಕ್ಕಿದ್ದು ಅಕ್ಕನ ಕರಿಬೇವಿನ ಕುಂಡದ ಹಿಂದೆ.

ಆಮೇಲೆ ತೂಕದ ಪ್ರಶ್ನೆ. ಸವಾರನ ತೂಕಕ್ಕೆ ತಕ್ಕಂತೆ ಶಾಕ್‌ಗೆ ಗಾಳಿ ತುಂಬಬೇಕು. 78 ಎಂದೆನಲ್ಲ, ಅವನು ಅಷ್ಟಕ್ಕೆ ತುಂಬಿ, "ಮಾವ, ಒಮ್ಮೆ ಕುಳಿತುಕೊಳ್ಳಿ" ಎಂದ. ಶಾಕಿನ ದಂಡದ ಮೇಲೆ ಪುಟ್ಟ ರಬ್ಬರ್ ಉಂಗುರವೊಂದಿರುತ್ತದೆ ಎಂದು ಯಾರೂ ನನಗೆ ಮೊದಲೇ ಹೇಳಿರಲಿಲ್ಲ. ಕುಳಿತರೆ ಅದು ಜರುಗಿ, ಶಾಕ್ ಎಷ್ಟು ಕುಸಿಯಿತೆಂದು ತೋರಿಸುತ್ತದೆ. ಒಟ್ಟು ಚಲನೆ 75 ಮಿಲಿಮೀಟರ್. ಅದರಲ್ಲಿ ಸುಮಾರು ಶೇಕಡಾ 30, ಅಂದರೆ 22 ಮಿಲಿಮೀಟರ್ ಕುಸಿದರೆ ಸರಿ. ನನ್ನ ಉಂಗುರ 31ರಲ್ಲಿ ನಿಂತಿತ್ತು. ಹುಡುಗ ಉಂಗುರವನ್ನು ನೋಡಿದ, ನನ್ನನ್ನು ನೋಡಿದ. ಒಳ್ಳೆಯ ಸಂಸ್ಕಾರದವನು. "ಶೂ ಭಾರ ಇರಬೇಕು ಮಾವ" ಎಂದ.

ಬಾಗಿಲಲ್ಲಿ ನಿಂತಿದ್ದ ಅಕ್ಕ, "ಅವನು ಹೇಳಿದ್ದಕ್ಕೆ ಹತ್ತು ಸೇರಿಸಿ ತುಂಬು" ಎಂದಳು. ಹನ್ನೊಂದು ಸೇರಿಸಿದಾಗ ಉಂಗುರ 22ಕ್ಕೆ ಬಂತು.

ಇಷ್ಟೆಲ್ಲ ಅಳೆದು ಸುರಿದು ಬೆಳಿಗ್ಗೆ ಹೊರಟೆವು. ವಿಸ್ಲರ್ ಸುಮಾರು 120 ಕಿಲೋಮೀಟರ್; ದಾರಿಯ ಒಂದು ಬದಿಗೆ ಸಮುದ್ರ, ಇನ್ನೊಂದು ಬದಿಗೆ ಬಂಡೆ. ನನ್ನ ಗಮನ ಪುಳಿಯೋಗರೆಯ ಡಬ್ಬಿಯ ಕಡೆ ಇತ್ತು. ಹಾದಿಗಳಿಗೆ ಹಸಿರು ವೃತ್ತ, ನೀಲಿ ಚೌಕ, ಕಪ್ಪು ವಜ್ರ ಎಂದು ಗುರುತು ಹಾಕಿರುತ್ತಾರೆ. ನನಗೆ ಸುಲಭದ ಹಸಿರು. ಮೊಣಕಾಲಿಗೆ, ಮೊಣಕೈಗೆ, ಎದೆಗೆ ಕವಚ ತೊಡಿಸಿ, ಗದ್ದ ಮುಚ್ಚುವ ಹೆಲ್ಮೆಟ್ ಹಾಕಿ, ಅಳಿಯ ನನ್ನನ್ನು ಯಕ್ಷಗಾನದ ಬಣ್ಣದ ವೇಷದಂತೆ ಸಿಂಗರಿಸಿದ. ತೂಗುಕುರ್ಚಿಯಿಂದ ಇಳಿದು ಇಪ್ಪತ್ತು ಮಾರು ಹೋಗಿರಬಹುದು, ಮೊದಲ ತಿರುವು ಬಂತು. ಚಾಮುಂಡಿ ಬೆಟ್ಟವನ್ನು ನೆನೆದು ಎಡಗೈ ಹಿಡಿ ಒತ್ತಿದೆ.

ನಮ್ಮಲ್ಲಿ ಎಡಗೈ ಹಿಂದಿನ ಬ್ರೇಕ್, ಬಲಗೈ ಮುಂದಿನದು. ಉತ್ತರ ಅಮೆರಿಕದಲ್ಲಿ ತಿರುವುಮುರುವು. ಮುಂದಿನ ಚಕ್ರ, ಆ 29 ಇಂಚಿನದು, ಇದ್ದಲ್ಲೇ ನಿಂತಿತು. ನಾನು ನಿಲ್ಲಲಿಲ್ಲ. ಹ್ಯಾಂಡಲ್ಲಿನ ಮೇಲಿಂದ, ನಡಿಗೆಯ ವೇಗದಲ್ಲಿ, ಬೆಂಗಾವಲಿಲ್ಲದೆ ಸಾಗಿ ಪೊದೆಯೊಂದರಲ್ಲಿ ವಿರಾಜಮಾನನಾದೆ. ಗಾಳಿಯಲ್ಲಿದ್ದಾಗ ಫೋರ್ಕಿನ ಓರೆ ಎಷ್ಟು ಡಿಗ್ರಿ ಎಂಬುದು ಮನಸ್ಸಿಗೆ ಬರಲಿಲ್ಲ.

"ಅಯ್ಯೋ ಮಾವ, ಅದನ್ನು ಹೇಳುವುದೇ ಮರೆತೆ!" ಎಂದು ಓಡಿಬಂದ ಅಳಿಯ. ಬ್ರೇಕ್‌ಗಳು ಎಣ್ಣೆಯ ಒತ್ತಡದವು, ಅಲ್ಲೇ ನಿಂತು ಅದಲುಬದಲು ಮಾಡುವಂತಿರಲಿಲ್ಲ. ಅವನ ಚೀಲದಲ್ಲಿ ಗಾಯಕ್ಕೆ ಸುತ್ತುವ ಬಿಳಿ ಟೇಪಿತ್ತು. ನಿವೃತ್ತ ಬ್ಯಾಂಕ್ ನೌಕರ ಪೆನ್ನಿಲ್ಲದೆ ಮನೆಯಿಂದ ಹೊರಡುವುದಿಲ್ಲ. ಎದೆಕವಚದ ಒಳಗಿಂದ ಪೆನ್ನು ತೆಗೆದು ಎಡ ಹಿಡಿಯ ಮೇಲೆ "ಮುಂ." ಎಂದೂ ಬಲ ಹಿಡಿಯ ಮೇಲೆ "ಹಿಂ." ಎಂದೂ ಬರೆದೆ. ಚಿಕ್ಕ ಸಹಿ ಹಾಕುವ ಅಭ್ಯಾಸವನ್ನು ಕಷ್ಟಪಟ್ಟು ತಡೆದುಕೊಂಡೆ.

ಆಮೇಲಿನ ಇಳಿತ ನಿರಪಾಯವಾಗಿಯೇ ಆಯಿತು, ಒಂದು ಸಲದ ಹೊರತು. ಎಂಟು ವರ್ಷದ ಹುಡುಗಿಯೊಬ್ಬಳು ಹಿಂದಿನಿಂದ "ಎಡಗಡೆ!" ಎಂದು ಇಂಗ್ಲಿಷಿನಲ್ಲಿ ಕೂಗಿದಳು. ಆ ಕಡೆಯಿಂದ ಮುಂದೆ ಹೋಗುತ್ತೇನೆ ಎಂದು ಅದರ ಅರ್ಥ. ನನ್ನ ಎಡಗೈ ಅದನ್ನು ತನಗೆ ಕೊಟ್ಟ ಆಜ್ಞೆ ಎಂದು ತಿಳಿಯಿತು.

ನಾನು ಮೈಸೂರಿಗೆ ಮರಳಿ ಎರಡು ತಿಂಗಳಾಯಿತು. ಕಳೆದ ಭಾನುವಾರ ಅಳಿಯ ಫೋನ್ ಮಾಡಿದ್ದ. ಟೇಪನ್ನು ಇನ್ನೂ ಕಿತ್ತಿಲ್ಲವಂತೆ. ಅದು ಯಾವ ಕಂಪನಿಯ ಬ್ರೇಕ್, ಜಪಾನಿನದೇ ಎಂದು ಗೆಳೆಯನೊಬ್ಬ ಕೇಳಿದನಂತೆ. ಇವನು ಹೌದು ಎಂದಿದ್ದಾನೆ.