ಕ್ಯೂ ಬಂತು, ಯು ಬರಲಿಲ್ಲ

ಮೂರು ಐ, ಎರಡು ವಿ, ಒಂದು ಓ, ಒಂದು ಕ್ಯೂ. ಅಕ್ಷರದ ಬಿಲ್ಲೆಗಳನ್ನು ಮಣೆಯ ಮೇಲೆ ಜೋಡಿಸಿ ಪದ ಕಟ್ಟುವ ಸ್ಕ್ರ್ಯಾಬಲ್ ಆಟದ ಚೀಲಕ್ಕೆ ಕೈ ಹಾಕಿದವನಿಗೆ ಹೀಗೂ ಸಿಗುವುದುಂಟು. ಇವುಗಳಿಂದ ಇಂಗ್ಲಿಷ್ ಪದ ಕಟ್ಟು ಎಂದರೆ ಮರಳು ಹಿಂಡಿ ಎಣ್ಣೆ ತೆಗೆ ಎಂದಂತೆ. ಯು ಜೊತೆಗಿಲ್ಲದೆ ಕ್ಯೂ ಹೊಸ್ತಿಲು ದಾಟುವುದಿಲ್ಲ ಎಂದು ನಂಬಿ ಬೆಳೆದವನು ನಾನು. ಯು ಬಂದೇ ಬರುತ್ತದೆ ಎಂದು ಕೊನೆಯವರೆಗೂ ಕ್ಯೂ ಕಾಯ್ದಿಟ್ಟೆ. ಆಟ ಮುಗಿದಾಗ ಅದರ ಹತ್ತು ಅಂಕಗಳನ್ನು ನನ್ನ ಲೆಕ್ಕದಿಂದಲೇ ಕಳೆದರು. ಅಷ್ಟಕ್ಕೇ ಬಿಡದೆ, ಎದುರಿಗಿದ್ದವರು ನನ್ನದೇ ಒಂದು ಐಯನ್ನು ನನ್ನದೇ ಕ್ಯೂ ಪಕ್ಕಕ್ಕೆ ಸರಿಸಿ ತೋರಿಸಿದರು. ಅದೂ ಪದವಂತೆ. ಚೀನೀಯರ ಪ್ರಾಣಶಕ್ತಿಯಂತೆ. 'ಚೀ' ಎಂದು ಓದಬೇಕಂತೆ. ನಾನು ಓದಿದಾಗ ಅದಕ್ಕೆ ಮಹಾಪ್ರಾಣವೂ ಸೇರಿಕೊಂಡಿತು.

ಈ ಆಟದ ಪದಪಟ್ಟಿಯ ಮೇಲೆ ನನಗೆ ಹಳೆಯ ಸಿಟ್ಟಿದೆ. ನಾವು ದಿನಕ್ಕೆ ನೂರು ಸಲ ಬಳಸುವ ಹೆಸರುಗಳನ್ನು ಅದು ಅಂಕಿತನಾಮವೆಂದು ತಳ್ಳಿಹಾಕುತ್ತದೆ. ಆದರೆ ಎ ಪಕ್ಕ ಇನ್ನೊಂದು ಎ ಇಟ್ಟರೆ ತಕರಾರಿಲ್ಲ. ಅದು ಹವಾಯಿಯ ಒಂದು ಬಗೆಯ ಒರಟು ಲಾವಾ. ಸಿ, ಡಬ್ಲ್ಯೂ, ಎಂ ಸೇರಿದರೆ ವೇಲ್ಸ್ ನಾಡಿನ ಕಣಿವೆ. ಅದರಲ್ಲಿ ನಮಗೆ ಕಲಿಸಿದ ಐದು ಸ್ವರಗಳಲ್ಲಿ ಒಂದೂ ಇಲ್ಲ. ಎ ಮತ್ತು ಐ ಸೇರಿಸಿದರೂ ಒಪ್ಪುತ್ತದೆ. ಲೋಕವನ್ನೆಲ್ಲ ಆಳಲು ಹೊರಟಿರುವ ಕೃತಕ ಬುದ್ಧಿಮತ್ತೆಯ ಗೌರವಾರ್ಥ ಎಂದುಕೊಳ್ಳಬೇಡಿ, ಸಂಕ್ಷಿಪ್ತ ರೂಪಗಳಿಗೆ ಇಲ್ಲಿ ಪ್ರವೇಶವಿಲ್ಲ. ಅದು ದಕ್ಷಿಣ ಅಮೆರಿಕದ ಮರಗಳಲ್ಲಿ ನೇತಾಡುವ, ಮೂರು ಬೆರಳಿನ ಸ್ಲಾತ್ ಎಂಬ ಪರಮ ಆಲಸಿ ಪ್ರಾಣಿ.

ಇದಕ್ಕೆಲ್ಲ ಮೂಲಪುರುಷ ಅಮೆರಿಕದ ಆಲ್ಫ್ರೆಡ್ ಬಟ್ಸ್. 1930ರ ದಶಕದ ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡ ವಾಸ್ತುಶಿಲ್ಪಿ. ಪತ್ರಿಕೆಯ ಮುಖಪುಟ ಹರವಿಕೊಂಡು ಯಾವ ಅಕ್ಷರ ಎಷ್ಟು ಸಲ ಬರುತ್ತದೆ ಎಂದು ಎಣಿಸಿದ. ಆ ಎಣಿಕೆಯ ಆಧಾರದ ಮೇಲೆ ನೂರು ಬಿಲ್ಲೆಗಳ ಪಾಲು ಹಂಚಿದ. ಇ ಹನ್ನೆರಡು, ಕ್ಯೂ ಒಂದೇ ಒಂದು. ಎಸ್ ಮಾತ್ರ ಬೇಕೆಂದೇ ನಾಲ್ಕಕ್ಕೆ ನಿಲ್ಲಿಸಿದ, ಸಿಕ್ಕ ಪದದ ಬಾಲಕ್ಕೆಲ್ಲ ಅದನ್ನು ಅಂಟಿಸಿ ಬಹುವಚನ ಮಾಡಿ ಗೆಲ್ಲುವ ನನ್ನಂಥವರಿದ್ದಾರೆಂದು ಗೊತ್ತಿದ್ದವನ ಹಾಗೆ. ಆ ಮನುಷ್ಯನಿಗೆ ಯಾರಾದರೂ ಬೇಗ ಒಂದು ನೌಕರಿ ಕೊಟ್ಟಿದ್ದರೆ ನನ್ನ ಸಂಜೆಗಳು ಉಳಿಯುತ್ತಿದ್ದವು.

ಕನ್ನಡ ಓದಿ ಬೆಳೆದವರಿಗೆ ಇಲ್ಲಿ ಇನ್ನೊಂದು ತೊಡಕಿದೆ. ನಾವು ಪದವನ್ನು ಹುಡುಕುವುದು ಕಣ್ಣಿನಿಂದಲ್ಲ, ಕಿವಿಯಿಂದ. ಬಿಲ್ಲೆಗಳನ್ನು ಜೋಡಿಸಿ ಮನಸ್ಸಿನಲ್ಲೇ ಉಚ್ಚರಿಸಿ ನೋಡುತ್ತೇವೆ. ಕೆ ಮುಂದೆ ಎನ್ ಬಂದರೆ ನಾಲಿಗೆ ತಡವರಿಸುತ್ತದೆ. 'ಇದಾಗದು' ಎಂದು ಜೋಡಿಯನ್ನೇ ಒಡೆಯುತ್ತೇವೆ. ಚಾಕುವಿಗೂ ಮೊಣಕಾಲಿಗೂ ಇಂಗ್ಲಿಷಿನಲ್ಲಿ ಮೊದಲಕ್ಷರ ಮೂಕ ಕೆ ಎಂಬುದು ಆಟ ಕೈತಪ್ಪಿದ ಮೇಲೆ ಹೊಳೆಯುತ್ತದೆ. ನ್ಯುಮೋನಿಯಾ ಆದರೋ ಪಿ ಅಕ್ಷರವನ್ನು ಮುಂಬಾಗಿಲಲ್ಲೇ ಕೂರಿಸಿಕೊಂಡು ಉಸಿರೆತ್ತಲು ಬಿಡುವುದಿಲ್ಲ. ರೋಗಿಗೂ ಅದೇ ಪಾಡು.

ಭಾಷೆ ಗೊತ್ತಿರುವುದೇ ಇಲ್ಲಿ ಅಡ್ಡಿ ಎಂಬುದು ನನ್ನ ಗಟ್ಟಿ ಅನುಮಾನ. ನ್ಯೂಜಿಲೆಂಡಿನ ನೈಜೆಲ್ ರಿಚರ್ಡ್ಸ್ ಫ್ರೆಂಚ್ ಮಾತನಾಡಲು ಬಾರದೆಯೂ 2015ರಲ್ಲಿ ಫ್ರೆಂಚ್ ಸ್ಕ್ರ್ಯಾಬಲ್ ವಿಶ್ವ ಚಾಂಪಿಯನ್ ಆದರು. ಪದಪಟ್ಟಿಯನ್ನು ಬಾಯಿಪಾಠ ಮಾಡಿದ್ದರು, ಅಷ್ಟೆ. ಅರ್ಥದ ಗೋಜಿಲ್ಲ, ಉಚ್ಚಾರದ ಹಂಗಿಲ್ಲ. ಕಂಪ್ಯೂಟರ್ ಇನ್ನೂ ನಿರ್ಭಾವುಕ. ಬೇರೆ ಬೇರೆಯಾದ ಎಂಟು ಅಕ್ಷರಗಳನ್ನು 40,320 ಬಗೆಯಲ್ಲಿ ಜೋಡಿಸಬಹುದು. ಅಷ್ಟನ್ನೂ ಅದು ಜೋಡಿಸುತ್ತ ಕೂರಬೇಕಿಲ್ಲ. ನಿಘಂಟಿನ ಪ್ರತಿ ಪದದ ಅಕ್ಷರಗಳನ್ನೂ ಮೊದಲೇ ಅಕಾರಾದಿಯಾಗಿ ಸಾಲು ಹಚ್ಚಿಟ್ಟಿರುತ್ತದೆ, ನೀವು ಕೊಟ್ಟವನ್ನೂ ಹಾಗೆಯೇ ನಿಲ್ಲಿಸುತ್ತದೆ, ಎರಡು ಸಾಲು ಹೊಂದಿದರೆ ಉತ್ತರ ಸಿದ್ಧ. ನನ್ನ ತಲೆ ಹಾಗಲ್ಲ. ಒಮ್ಮೆ ಒಂದು ಪದ ಕಂಡಿತೆಂದರೆ ಅದಕ್ಕೇ ಜೋತುಬೀಳುತ್ತದೆ, ಬಿಲ್ಲೆಗಳನ್ನು ಕಲಸಿ ಹೊಸದಾಗಿ ಹರಡಿದರೂ ಬೆರಳು ತಾನಾಗಿ ಅದನ್ನೇ ಮತ್ತೆ ಕಟ್ಟುತ್ತದೆ.

ಆಟದ ಮಣೆ ಮಡಚಿಟ್ಟರೂ ಚಟ ಮಡಚುವುದಿಲ್ಲ. ನಾಮಫಲಕ, ಔಷಧಿ ಡಬ್ಬಿ, ಪರಿಚಯವಾಗುತ್ತಿರುವವರ ಎದೆಯ ಮೇಲಿನ ಹೆಸರಿನ ಬಿಲ್ಲೆ, ಎಲ್ಲವನ್ನೂ ಕಣ್ಣು ಕಲಸತೊಡಗುತ್ತದೆ. ಎದೆ ದಿಟ್ಟಿಸುವ ಮನುಷ್ಯನ ಬಗ್ಗೆ ಜನ ಏನೆಂದುಕೊಳ್ಳುತ್ತಾರೋ, ವಿವರಿಸಲು ಹೊರಟರೆ ಇನ್ನೂ ಕೆಡುತ್ತದೆ.

ಕಚೇರಿಯ ಸಭೆಯೊಂದರಲ್ಲಿ ಹೊಸ ಯೋಜನೆಯ ಸ್ಲೈಡ್ ತೋರಿಸುತ್ತಿದ್ದರು. ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲಿ 'ಟ್ರಯಾಂಗಲ್' ಎಂದಿತ್ತು. ಆ ಎಂಟಕ್ಷರಗಳು ನೋಡನೋಡುತ್ತಿದ್ದಂತೆ ಇಂಟೆಗ್ರಲ್ ಆದವು, ರಿಲೇಟಿಂಗ್ ಆದವು, ಅಲರ್ಟಿಂಗ್ ಆದವು. ಇನ್ನೊಂದು ಇದೆ, ನಾಲಿಗೆಯ ತುದಿಯಲ್ಲೇ ಇದೆ ಎಂದು ಪರದಾಡುತ್ತಿದ್ದಾಗ ಮೇಲಧಿಕಾರಿ ನನ್ನತ್ತ ತಿರುಗಿ, "ನಿಮ್ಮ ಅಭಿಪ್ರಾಯ?" ಎಂದರು.

"ಆಲ್ಟರಿಂಗ್!" ಎಂದೆ, ಸಾಕಷ್ಟು ಗಟ್ಟಿಯಾಗಿ.

ಸಭೆ ಸ್ತಬ್ಧವಾಯಿತು. ಬದಲಾವಣೆ ಬೇಕೆಂದು ನೇರವಾಗಿ ಹೇಳುವ ಎದೆಗಾರಿಕೆ ಇವರೊಬ್ಬರಿಗಾದರೂ ಇದೆಯಲ್ಲ ಎಂದು ಅವರು ಎಲ್ಲರೆದುರು ಮೆಚ್ಚಿಕೊಂಡರು. ಯೋಜನೆಯನ್ನು ಬುಡದಿಂದ ಪರಿಷ್ಕರಿಸುವ ಹೊಣೆಯನ್ನೂ ಅಲ್ಲೇ ನನಗೆ ವಹಿಸಿದರು. ತ್ರಿಕೋನ ಬೇಡ, ಅದರ ಜಾಗದಲ್ಲಿ 'ಸರ್ಕಲ್' ಹಾಕಿ, ಅದರಲ್ಲಿ ಗೊಂದಲವಿರುವುದಿಲ್ಲ ಎಂದು ಸೂಚನೆಯೂ ಬಂತು. ಅದರ ಅಕ್ಷರಗಳನ್ನು ಕಲಸಿದರೆ 'ಕ್ಲೆರಿಕ್', ಅಂದರೆ ಪಾದ್ರಿ, ಎದ್ದು ಬರುತ್ತಾನೆ ಎಂದು ನಾನು ಬಾಯಿ ಬಿಡಲಿಲ್ಲ.